ವ್ಯಾಧಿಯ ನೆರಳಿನಲ್ಲಿ ಮುದ್ದಣ ಕವಿ

ಕನ್ನಡವನ್ನು ಪಠ್ಯವಾಗಿ ಓದಿದವರಲ್ಲಿ ಮುದ್ದಣ ಮನೋರಮೆಯರ ಸರಸ ಸಲ್ಲಾಪವನ್ನು ಅರಿಯದವರು ವಿರಳ. ಮಳೆಗಾಲದ ಸಂಜೆ, ಬೆಚ್ಚನೆಯ ಮನೆ, ದಣಿದು ಬಂದ ಪತಿ, ಆದರದಿಂದ ಉಪಚರಿಸಿ ಒಂದು ಕಥೆಯನ್ನು ಹೇಳಬೇಕೆಂದು ಹಟ ಹಿಡಿಯುವ ಸತಿ, ನಡುನಡುವೆ ಹುಸಿಮುನಿಸು, ವಿನೋದ, ಕೊಂಕುಮಾತು. ಶ್ರೀ ರಾಮಾಶ್ವಮೇಧದ ಆ ಪುಟಗಳನ್ನು ಓದಿದಾಗ ಇದನ್ನು ಬರೆದವನು ಪರಿಪೂರ್ಣ ಆರೋಗ್ಯವುಳ್ಳ, ಹಣಕಾಸಿನ ಚಿಂತೆಯಿಲ್ಲದ ಯಾವನೋ ಸುಖಿಯಾಗಿರಬೇಕೆಂದು ಅನ್ನಿಸುವುದು ಸಹಜ. ವಸ್ತುಸ್ಥಿತಿ ಬೇರೆ. ಅದು ಒಬ್ಬ ಬಡ ಶಾಲಾ ಉಪಾಧ್ಯಾಯನ ಕೃತಿ. ಅದರ ರಚನೆಯೂ ಪ್ರಕಟಣೆಯೂ ಅವನ ಬದುಕಿನ ಕಟ್ಟಕಡೆಯ ಕೆಲವು ವರ್ಷಗಳಿಗೆ ಸೇರಿದವು. ಆ ಉಪಾಧ್ಯಾಯನು ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡನು.

ಶರೀರವು ರೋಗಕ್ಕೆ ಈಡಾದಾಗ ಮನುಷ್ಯನಿಗೆ ಬಾಳಿನಲ್ಲಿ ತೃಪ್ತಿ ಉಳಿಯಬಲ್ಲುದೇ, ಉಳಿಯುವುದಾದರೆ ಅದಕ್ಕೆ ಆಧಾರವೇನು ಎಂಬ ಪ್ರಶ್ನೆ ವೈದ್ಯಶಾಸ್ತ್ರದಷ್ಟೇ ಹಳೆಯದು. ಇತ್ತೀಚಿನ ದಶಕಗಳಲ್ಲಿ ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಹಲವು ಬಗೆಯಾಗಿ ಕೇಳಿದ್ದಾರೆ. ಮುದ್ದಣನ ಜೀವನಚರಿತ್ರೆಯನ್ನು ಆ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ. ಕವಿಚರಿತ್ರೆಯನ್ನು ಬರೆದವರು ಅವನ ಶೈಲಿಯನ್ನು ಕುರಿತು ಧಾರಾಳವಾಗಿ ಹೇಳಿ, ಅವನ ರೋಗವನ್ನು ಒಂದು ವಾಕ್ಯದಲ್ಲಿ ಮುಗಿಸುವುದೇ ವಾಡಿಕೆಯಾಗಿದೆ.

ಮುದ್ದಣನ ನಿಜವಾದ ಹೆಸರು ಲಕ್ಷ್ಮೀನಾರಾಯಣಪ್ಪ. ಹುಟ್ಟಿದ್ದು ೧೮೭೦ನೆಯ ಇಸವಿ ಜನವರಿ ೨೪ರಂದು, ಈಗಿನ ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿಗೆ ಸೇರಿದ ನಂದಳಿಕೆ ಗ್ರಾಮದಲ್ಲಿ. ಅಂದು ಆ ಪ್ರದೇಶವೆಲ್ಲ ಮದರಾಸು ಆಧಿಪತ್ಯದ ಆಡಳಿತಕ್ಕೆ ಒಳಪಟ್ಟಿದ್ದಿತು. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ನೋಡಲು ಮುದ್ದಾಗಿದ್ದ ಮಗುವನ್ನು ಮನೆಯವರು ಮುದ್ದಣನೆಂದು ಕರೆದರು. ಮುಂದೆ ಲೋಕದಲ್ಲಿ ಉಳಿದದ್ದು ಈ ಹೆಸರೇ. ನಂದಳಿಕೆಯಲ್ಲಿ ಪ್ರಾಚೀನವಾದ ಮಹಾಲಿಂಗೇಶ್ವರ ದೇವಾಲಯವಿದೆ. ವರ್ಷಕ್ಕೊಮ್ಮೆ ಅಲ್ಲಿ ನಡೆಯುವ ಸಿರಿ ಜಾತ್ರೆ ತುಳುನಾಡಿನಲ್ಲೆಲ್ಲ ಪ್ರಸಿದ್ಧ. ಮನೆಯಲ್ಲಿ ಯಾರೊಡನೆಯೂ ಹೇಳಿಕೊಳ್ಳಲಾಗದ ಸಂಕಟಗಳನ್ನು ಹೊತ್ತ ಹೆಂಗಸರು ಆ ರಾತ್ರಿ ಅಲ್ಲಿ ನೆರೆದು, ಸಿರಿಯ ಆವೇಶದಲ್ಲಿ ತಮ್ಮ ದುಃಖವನ್ನು ನುಡಿಯುತ್ತಾರೆ; ಕುಟುಂಬದವರು ಕೈಕಟ್ಟಿ ನಿಂತು ಕೇಳುತ್ತಾರೆ. ನೋವನ್ನು ಮಾತಾಗಿಸುವುದೂ ಅದನ್ನು ಕೇಳುವವರು ಇರುವುದೂ ಒಂದು ಬಗೆಯ ಚಿಕಿತ್ಸೆಯೆಂದು ಆಸ್ಪತ್ರೆಗಳು ಒಪ್ಪುವುದಕ್ಕೆ ಬಹುಕಾಲ ಮೊದಲೇ ಆ ಊರಿನ ಜನಕ್ಕೆ ಇದು ತಿಳಿದಿದ್ದಿತು.

ಮತ್ತೊಂದು ಸಂಪತ್ತು ಯಕ್ಷಗಾನ. ತುಳುವನ್ನು ಆಡುವ ಆ ನಾಡಿನಲ್ಲಿ ಹಳ್ಳಿಯ ಹುಡುಗನೊಬ್ಬನು ಪ್ರೌಢವಾದ ಕನ್ನಡವನ್ನು ಕಿವಿಯಿಂದ ಕಲಿಯುವ ಪಾಠಶಾಲೆ ಅದೇ. ಬೆಳಗಿನ ಜಾವದವರೆಗೆ ನಡೆಯುವ ಆಟದಲ್ಲಿ ಭಾಗವತನ ಪದ್ಯ ಮುಗಿದೊಡನೆ ಪಾತ್ರಧಾರಿಗಳು ಆಶುವಾಗಿ ಸಂವಾದವನ್ನು ಬೆಳೆಸುತ್ತಾರೆ. ಒಬ್ಬನ ಮಾತಿಗೆ ಇನ್ನೊಬ್ಬನ ಎದುರುಮಾತು, ಕುಚೋದ್ಯ, ಸಮಾಧಾನ. ಮುದ್ದಣನ ಗದ್ಯದಲ್ಲಿ ಸಂಭಾಷಣೆಗೆ ಬಂದಿರುವ ಜೀವಕಳೆಯ ಮೂಲವನ್ನು ಅರಸುವವರು ಸಂಸ್ಕೃತ ನಾಟಕಗಳ ಕಡೆಗೆ ಹೋಗುವ ಮೊದಲು ಈ ಬಯಲಾಟದ ರಂಗಸ್ಥಳದ ಕಡೆಗೆ ನೋಡುವುದು ಲೇಸು. ತಾನೇ ರತ್ನಾವತೀ ಕಲ್ಯಾಣ, ಕುಮಾರವಿಜಯ ಎಂಬ ಎರಡು ಪ್ರಸಂಗಗಳನ್ನು ಅವನು ರಚಿಸಿದನು. ಕರಾವಳಿಯ ಭಾಗವತರಿಗೆ ಅವು ಇಂದಿಗೂ ಪರಿಚಿತ.

ವಿದ್ಯಾಭ್ಯಾಸ ನಂದಳಿಕೆಯಲ್ಲಿ ಪ್ರಾರಂಭವಾಗಿ ಉಡುಪಿಯಲ್ಲಿ ಮುಂದುವರಿಯಿತು. ಬಡತನದ ದೆಸೆಯಿಂದ ಇಂಗ್ಲಿಷ್ ವ್ಯಾಸಂಗ ಪೂರ್ಣವಾಗಲಿಲ್ಲ. ದೇಹಸಾಧನೆಯಲ್ಲಿ ತರುಣನಿಗೆ ಆಸಕ್ತಿಯೂ ಪಾಟವವೂ ಇದ್ದುದರಿಂದ ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿಯನ್ನು ಪಡೆದು ಬಂದನು. ಕುಂದಾಪುರದಲ್ಲಿ ಕೆಲವು ಕಾಲ, ತರುವಾಯ ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ಕೆಲಸ ಮಾಡಿದನು. ಶಾಲೆಯ ಉಪಾಧ್ಯಾಯ ವರ್ಗದಲ್ಲಿ ಡ್ರಿಲ್ ಮೇಷ್ಟ್ರ ಸ್ಥಾನಮಾನ ಎಷ್ಟೆಂಬುದನ್ನು ಉಪಾಧ್ಯಾಯರಾದವರಿಗೆ ವಿವರಿಸಬೇಕಾಗಿಲ್ಲ. ಸಂಬಳ ಅಲ್ಪ, ಭಾಷಾಪಂಡಿತರ ಪಂಕ್ತಿಯಲ್ಲಿ ಅವನಿಗೆ ಎಡೆಯಿಲ್ಲ. ಹಳಗನ್ನಡದಲ್ಲಿ ಅವನಿಗೆ ಇದ್ದ ಅಧಿಕಾರವನ್ನು ಬಲ್ಲವರು ಆ ಊರಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಮುಖ್ಯರು ಮಳಲಿ ಸುಬ್ಬರಾಯರು. ಅವರ ಸಹವಾಸದಿಂದ ಮುದ್ದಣನಿಗೆ ಕಾವ್ಯ, ವ್ಯಾಕರಣ, ಅಲಂಕಾರಗಳ ಪರಿಚಯ ಗಾಢವಾಯಿತು. ಕಾಲವೂ ಅನುಕೂಲವಾಗಿದ್ದಿತು. ಕಿಟ್ಟೆಲರು ಕೇಶಿರಾಜನ ಶಬ್ದಮಣಿದರ್ಪಣವನ್ನು ೧೮೭೨ರಲ್ಲಿ ಅಚ್ಚು ಮಾಡಿಸಿದ್ದರು. ಅವರ ಬೃಹತ್ ನಿಘಂಟು ೧೮೯೪ರಲ್ಲಿ ಮಂಗಳೂರಿನಿಂದ ಹೊರಬಂದಿತು. ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ೧೮೯೨ರಿಂದ ಕರ್ಣಾಟಕ ಕಾವ್ಯಮಂಜರಿಯ ಮೂಲಕ ತಾಳೆಗರಿಯಲ್ಲಿ ಹುದುಗಿದ್ದ ಕಾವ್ಯಗಳನ್ನು ಬೆಳಕಿಗೆ ತರುತ್ತಿದ್ದರು.

೧೮೯೩ರಲ್ಲಿ ಮುದ್ದಣನಿಗೆ ವಿವಾಹವಾಯಿತು. ಪತ್ನಿ ಶಿವಮೊಗ್ಗ ಸೀಮೆಯ ಕಮಲಾಬಾಯಿ. ಘಟ್ಟದ ಮೇಲಿನಿಂದ ಕಡಲ ತಡಿಗೆ ಬಂದ ಆಕೆಯೊಡನೆ ಕವಿಯು ಬಾಳಿದ್ದು ಸುಮಾರು ಎಂಟು ವರ್ಷ ಮಾತ್ರ. ಕವಿಯ ಪ್ರಕಟಿತ ಕಾವ್ಯಗಳೆಲ್ಲವೂ ಈ ಎಂಟು ವರ್ಷಗಳ ಒಳಗೆ ಬಂದವು: ಗದ್ಯದಲ್ಲಿ ಅದ್ಭುತ ರಾಮಾಯಣ, ವಾರ್ಧಕ ಷಟ್ಪದಿಯಲ್ಲಿ ಶ್ರೀರಾಮ ಪಟ್ಟಾಭಿಷೇಕ, ಕೊನೆಯಲ್ಲಿ ಶ್ರೀ ರಾಮಾಶ್ವಮೇಧ.

ಇಲ್ಲಿ ಒಂದು ವಿಚಿತ್ರವಾದ ಸಂಗತಿಯನ್ನು ಗಮನಿಸಬೇಕು. ಈ ಕೃತಿಗಳನ್ನು ಅವನು ತನ್ನವೆಂದು ಹೇಳಿಕೊಳ್ಳಲಿಲ್ಲ. ಹಳೆಯ ಕಾವ್ಯಗಳ ಪ್ರತಿಗಳು ತನಗೆ ದೊರೆತಿವೆಯೆಂಬಂತೆ ಮೈಸೂರಿನ ಸಂಪಾದಕರಿಗೆ ಕಳುಹಿಸಿದನು. ಪಟ್ಟಾಭಿಷೇಕವು ಮಹಾಲಕ್ಷ್ಮಿ ಎಂಬ ತಾಯಿಯ ಹೆಸರನ್ನು ಹೊತ್ತು ಹೊರಟಿತು. ರಾಮಾಶ್ವಮೇಧವು ಮುದ್ದಣನೆಂಬ ಯಾವನೋ ಆಸ್ಥಾನಕವಿಯ ಹೆಸರಿನಲ್ಲಿ ಹೋಯಿತು. ಹೊಸಬನ ಬರಹಕ್ಕೆ ಮನ್ನಣೆ ಸಿಕ್ಕದೆಂಬ ಅಂಜಿಕೆ ಇದ್ದಿರಬಹುದು. ಡ್ರಿಲ್ ಮೇಷ್ಟ್ರೊಬ್ಬನು ಹಳಗನ್ನಡದಲ್ಲಿ ಕಾವ್ಯ ಬರೆದನೆಂದರೆ ಪಂಡಿತರು ನಕ್ಕಾರೆಂಬ ಸಂಕೋಚವೂ ಇದ್ದಿರಬಹುದು. ಕಾರಣ ಏನೇ ಇರಲಿ, ಕೀರ್ತಿಯಿಂದ ದೊರೆಯುವ ಸಂತೋಷವನ್ನು ಅವನು ತನ್ನ ಕೈಯಾರೆ ಮುಚ್ಚಿಟ್ಟನು. ಆದುದರಿಂದ ರೋಗ ಬಂದ ಕಾಲದಲ್ಲಿ ಅವನನ್ನು ಕೀರ್ತಿ ಹಿಡಿದೆತ್ತಿತೆಂದು ಹೇಳುವಂತಿಲ್ಲ. ಧನವಂತೂ ಇರಲೇ ಇಲ್ಲ.

ಕ್ಷಯವೆಂಬುದು ನಮ್ಮ ಶಾಸ್ತ್ರಗಳಲ್ಲಿ ರಾಜಯಕ್ಷ್ಮವೆಂದು ಹೆಸರಾದ ವ್ಯಾಧಿ. ದಕ್ಷನ ಪುತ್ರಿಯರನ್ನು ಮದುವೆಯಾದ ಚಂದ್ರನು ರೋಹಿಣಿಯೊಬ್ಬಳಲ್ಲೇ ಅನುರಕ್ತನಾಗಿ ಉಳಿದವರನ್ನು ಕಡೆಗಣಿಸಿದ್ದರಿಂದ ಈ ರೋಗಕ್ಕೆ ಗುರಿಯಾದನೆಂದೂ ಅಶ್ವಿನೀದೇವತೆಗಳು ಅವನನ್ನು ಗುಣಪಡಿಸಿದರೆಂದೂ ಪುರಾಣಕಥೆ. ಚರಕ ಸಂಹಿತೆಯು ಇದಕ್ಕೆ ನಾಲ್ಕು ಕಾರಣಗಳನ್ನು ಹೇಳುತ್ತದೆ: ಶಕ್ತಿಮೀರಿದ ಸಾಹಸ, ಸ್ವಾಭಾವಿಕ ವೇಗಗಳ ನಿರೋಧ, ಧಾತುಕ್ಷಯ, ವಿಷಮಾಹಾರ. ಸಾಹಸವೆಂದರೇನೆಂದು ವಿವರಿಸುವಾಗ ಯುದ್ಧ, ಭಾರ ಹೊರುವುದು, ದಾರಿ ನಡೆಯುವುದು, ಹಾರುವುದು, ಈಜುವುದು ಇವುಗಳ ಜೊತೆಗೆ ಅತಿಯಾದ ಅಧ್ಯಯನವನ್ನೂ ಸೇರಿಸಲಾಗಿದೆ. ಹಗಲು ಬಯಲಿನಲ್ಲಿ ಮಕ್ಕಳಿಗೆ ಕವಾಯತು, ಇರುಳು ದೀಪದ ಬೆಳಕಿನಲ್ಲಿ ಕೇಶಿರಾಜ. ಹಳೆಯ ಕಾಲದ ವೈದ್ಯರು ಮುದ್ದಣನನ್ನು ನೋಡಿದ್ದರೆ ಎರಡನ್ನೂ ಬಿಡಿಸುತ್ತಿದ್ದರೋ ಏನೋ. ಧಾತುಕ್ಷಯಕ್ಕೆ ಕಾರಣಗಳನ್ನು ಎಣಿಸುವಾಗ ಚಿಂತೆ, ಶೋಕ, ಭಯಗಳಿಗೂ ಆ ಗ್ರಂಥ ಸ್ಥಾನ ಕೊಟ್ಟಿದೆ. ಚಿಕಿತ್ಸೆಯ ಭಾಗದಲ್ಲಿ ಔಷಧ ಪಥ್ಯಗಳನ್ನು ಹೇಳಿ ಮುಗಿಸಿದ ಮೇಲೆ, ರೋಗಿಗೆ ಸ್ನೇಹಿತರ ದರ್ಶನ, ಗೀತವಾದ್ಯಗಳ ಧ್ವನಿ, ಕಿವಿಗೆ ಹಿತವಾದ ಮಾತು, ಸಂತೋಷಗೊಳಿಸುವಿಕೆ, ಧೈರ್ಯ ಹೇಳುವಿಕೆ ಇವೂ ದಿನದಿನವೂ ಬೇಕೆಂದು ವಿಧಿಸಿದೆ.

ಆಧುನಿಕ ವೈದ್ಯವಿಜ್ಞಾನವು ಈ ರೋಗಕ್ಕೆ ಮೂಲವಾದ ಸೂಕ್ಷ್ಮಾಣುವನ್ನು ಕಂಡುಹಿಡಿದದ್ದು ಮುದ್ದಣನು ಹನ್ನೆರಡು ವರ್ಷದ ಬಾಲಕನಾಗಿದ್ದಾಗ. ೧೮೮೨ರ ಮಾರ್ಚಿ ೨೪ರಂದು ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯನು ಬರ್ಲಿನ್ನಿನಲ್ಲಿ ತನ್ನ ಸಂಶೋಧನೆಯನ್ನು ಪ್ರಕಟಿಸಿದನು. ಕಾರಣ ತಿಳಿಯಿತೇ ಹೊರತು ಮದ್ದು ಸಿಕ್ಕಲಿಲ್ಲ. ಸ್ಟ್ರೆಪ್ಟೊಮೈಸಿನ್ ಔಷಧವು ದೊರೆತದ್ದು ೧೯೪೩ರಲ್ಲಿ. ಕವಿಯು ಗತಿಸಿ ಆಗ ನಲವತ್ತೆರಡು ವರ್ಷ ಕಳೆದಿದ್ದವು. ಈ ನಡುವಣ ಕಾಲದಲ್ಲಿ ರೋಗ ತಗುಲಿದವರಿಗೆ ಒಳ್ಳೆಯ ಗಾಳಿ, ಪುಷ್ಟಿಕರವಾದ ಆಹಾರ, ವಿಶ್ರಾಂತಿ ಇವೇ ಗತಿ. ಅವೂ ಉಳ್ಳವರಿಗೆ ಮಾತ್ರ ಎಟಕುವ ವಸ್ತುಗಳು. ಉಳ್ಳವರಾದರೂ ಉಳಿಯುತ್ತಿದ್ದರೆಂಬ ನೆಚ್ಚಿಕೆಯಿರಲಿಲ್ಲ. ಮೈಸೂರು ಅರಮನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಇದೇ ರೋಗಕ್ಕೆ ತುತ್ತಾದರು. ಮೈಸೂರಿನ ಕ್ಷಯರೋಗ ಆರೋಗ್ಯಧಾಮಕ್ಕೆ ಅವರ ಹೆಸರನ್ನಿಡಲಾಯಿತು.

ವ್ಯಾಯಾಮ ಶಿಕ್ಷಕನಿಗೆ ಬೇರೆ ಯಾವ ಕಾಯಿಲೆ ಬಂದರೂ ಇಷ್ಟು ಕ್ರೂರವಾಗಿರುತ್ತಿರಲಿಲ್ಲ. ವ್ಯಾಕರಣದ ಉಪಾಧ್ಯಾಯನು ಕೆಮ್ಮುತ್ತಲಾದರೂ ಸೂತ್ರವನ್ನು ಹೇಳಿಯಾನು. ಉಸಿರನ್ನೂ ತೋಳನ್ನೂ ಬಂಡವಾಳ ಮಾಡಿಕೊಂಡು ಅನ್ನ ಸಂಪಾದಿಸುವವನಿಗೆ ಶ್ವಾಸಕೋಶವೇ ಕೈಕೊಟ್ಟರೆ ಉದ್ಯೋಗವೂ ಅಭಿಮಾನವೂ ಒಟ್ಟಿಗೆ ಕುಸಿಯುತ್ತವೆ. ದೀರ್ಘರೋಗಿಗಳ ಮನಸ್ಸನ್ನು ಪರೀಕ್ಷಿಸಿದವರು ಇದನ್ನೇ ಹೇಳುತ್ತಾರೆ: ನೋವಿನ ಪ್ರಮಾಣಕ್ಕಿಂತಲೂ ತಾನು ಯಾರೆಂಬ ಭಾವನೆಗೆ ಬೀಳುವ ಪೆಟ್ಟು ಮನುಷ್ಯನನ್ನು ಹೆಚ್ಚಾಗಿ ಕುಗ್ಗಿಸುತ್ತದೆ. ಕುಗ್ಗಿದ ಮನಸ್ಸಿನವನು ಔಷಧವನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ, ಉಣ್ಣುವುದಿಲ್ಲ, ಜನರನ್ನು ದೂರ ಮಾಡುತ್ತಾನೆ. ರೋಗ ಅದರಿಂದ ಇನ್ನಷ್ಟು ಬಲಿಯುತ್ತದೆ. ಮಡಿವಾಳದಿಂದ ಹೊಸೂರು ರಸ್ತೆಯನ್ನು ಹಿಡಿದು ನಗರದ ಕಡೆಗೆ ನಡೆದರೆ ಸಿಕ್ಕುವ ನಿಮ್ಹಾನ್ಸ್ ಸಂಸ್ಥೆಯು ೧೯೭೪ರಲ್ಲಿ ಈಗಿನ ರೂಪವನ್ನು ತಾಳಿತು. ದೇಹವನ್ನೂ ಮನಸ್ಸನ್ನೂ ಬೇರೆಬೇರೆಯಾಗಿ ನೋಡಬಾರದೆಂಬ ತಿಳಿವಳಿಕೆಯು ಇಂಥ ಸಂಸ್ಥೆಗಳ ದೆಸೆಯಿಂದ ಈಚೆಗೆ ಸಾಮಾನ್ಯ ಜನರವರೆಗೂ ಮುಟ್ಟಿದೆ. ಉಡುಪಿಯ ಬಡ ಮೇಷ್ಟ್ರಿಗೆ ಈ ಯಾವ ನೆರವೂ ಇರಲಿಲ್ಲ.

ಇಷ್ಟೆಲ್ಲ ಇದ್ದೂ ರಾಮಾಶ್ವಮೇಧದಲ್ಲಿ ಕಹಿಯ ಲೇಶವಿಲ್ಲ. ಕಥೆ ಪದ್ಮಪುರಾಣದ ಪಾತಾಳಖಂಡದಿಂದ ಬಂದದ್ದು. ಶ್ರೀರಾಮನು ಬಿಟ್ಟ ಯಜ್ಞಾಶ್ವ, ಅದರ ಬೆಂಬಲಕ್ಕೆ ಶತ್ರುಘ್ನ, ಭರತಪುತ್ರನಾದ ಪುಷ್ಕಲ, ಹನುಮಂತ, ಒಂದಾದ ಮೇಲೊಂದು ಯುದ್ಧ. ಕಥೆಯಷ್ಟನ್ನೇ ಬರೆದಿದ್ದರೆ ಅದು ನೂರರಲ್ಲಿ ಒಂದಾಗುತ್ತಿತ್ತು. ಕವಿಯು ಅದನ್ನು ಒಂದು ಮನೆಯ ಜಗಲಿಯಲ್ಲಿ ತಂದು ಕೂರಿಸಿದನು. ಹೇಳುವವನು ಮುದ್ದಣ, ಕೇಳುವವಳು ಮನೋರಮೆ. ಆಕೆ ಬಾಯಿ ಮುಚ್ಚಿ ಕೇಳುವ ಪುರಾಣಶ್ರೋತೃವಲ್ಲ. ಪದ್ಯದಲ್ಲಿ ಹೇಳಹೊರಟರೆ ಬೇಡವೆನ್ನುತ್ತಾಳೆ, ತಿಳಿಯದ ಸಂಸ್ಕೃತ ಪದಗಳನ್ನು ಪೋಣಿಸಿದರೆ ತಡೆದು ನಿಲ್ಲಿಸುತ್ತಾಳೆ, ಕಥೆ ಹೇಳಿದ್ದಕ್ಕೆ ಬಹುಮಾನವೇನೆಂದು ಪತಿ ಕೇಳಿದರೆ ತನ್ನನ್ನೇ ಕೊಡುತ್ತೇನೆನ್ನುತ್ತಾಳೆ. ಅದು ಮೊದಲೇ ನನ್ನ ಸ್ವತ್ತಲ್ಲವೇ ಎಂದು ಅವನು ಚೇಷ್ಟೆ ಮಾಡುತ್ತಾನೆ. ಪಂಡಿತರ ಭಾಷಾಡಂಬರವನ್ನು ಪಂಡಿತನೇ ಹೆಂಡತಿಯ ಬಾಯಿಂದ ಗೇಲಿ ಮಾಡಿಸಿದ್ದು ಕನ್ನಡದಲ್ಲಿ ಅದೇ ಮೊದಲೆನ್ನಬೇಕು. ವಡ್ಡಾರಾಧನೆಯಂಥ ಪ್ರಾಚೀನ ಗದ್ಯವು ಇನ್ನೂ ಅಚ್ಚಿನಲ್ಲಿ ಬಾರದಿದ್ದ ಆ ಕಾಲದಲ್ಲಿ, ಹಳಗನ್ನಡದ ನಡೆಯಲ್ಲಿ ಹೊಸಗಾಲದ ಮನಸ್ಸನ್ನು ಹೀಗೆ ತುಂಬಿದ್ದರಿಂದಲೇ ವಿಮರ್ಶಕರು ಅವನನ್ನು ಹೊಸಗನ್ನಡದ ಮುಂಗೋಳಿಯೆಂದು ಕರೆದರು.

ಮನೋರಮೆಯು ಕಮಲಾಬಾಯಿಯವರ ಪಡಿಯಚ್ಚೇ ಎಂದು ಕೆಲವರು ತರ್ಕಿಸುವುದುಂಟು. ಆ ತರ್ಕಕ್ಕೆ ಹೋಗುವುದು ಅನಾವಶ್ಯಕ. ಗಮನಿಸಬೇಕಾದದ್ದು ಬೇರೆಯಿದೆ. ಗ್ರಂಥದೊಳಗಿನ ಮುದ್ದಣನು ರಾಜಾಸ್ಥಾನಕ್ಕೆ ಹೋಗಿಬರುವವನು. ಗ್ರಂಥದ ಹೊರಗಿನವನಿಗೆ ಯಾವ ರಾಜನೂ ಇರಲಿಲ್ಲ. ಆಸ್ಥಾನ, ಬಿರುದು, ಮನ್ನಣೆ ಎಲ್ಲವನ್ನೂ ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯ ಲೇಖನಿಗಿದ್ದಿತು. ಆದರೂ ಅವನು ಕಲ್ಪನೆಯನ್ನು ವ್ಯಯ ಮಾಡಿದ್ದು ಸಭಾಮಂಟಪದ ಮೇಲೆ ಅಲ್ಲವೇ ಅಲ್ಲ; ಮನೆಗೆ ಬಂದವನ ಮುಖವನ್ನು ನೋಡಿ ದಣಿದಿದ್ದಾನೆಂದು ಅರಿಯುವ, ಅವನು ಹೇಳಿದ್ದನ್ನು ಕಿವಿಗೊಟ್ಟು ಕೇಳುವ, ಕೇಳಿ ಎದುರುತ್ತರ ಕೊಡುವ ಒಂದು ಜೀವದ ಮೇಲೆ. ಅವನ ತೃಪ್ತಿಗೆ ಆಧಾರವೇನೆಂಬ ಪ್ರಶ್ನೆಗೆ ಗ್ರಂಥವೇ ಇತ್ತ ಉತ್ತರ ಇದು. ಚರಕನು ರೋಗಿಗೆ ವಿಧಿಸಿದ ಹಿತವಾದ ಮಾತು, ಸಂತೋಷಗೊಳಿಸುವಿಕೆ, ಧೈರ್ಯ ಹೇಳುವಿಕೆಗಳನ್ನು ಕವಿಯು ತನಗೆ ತಾನೇ ಕಾಗದದ ಮೇಲೆ ಒದಗಿಸಿಕೊಂಡನು.

ಇದನ್ನು ಹೇಳುವಾಗ ಒಂದು ಅಪಾಯವನ್ನೂ ನೆನೆಯಬೇಕಾಗಿದೆ. ಕ್ಷಯವು ಕವಿಗಳಿಗೆ ಪ್ರತಿಭೆಯನ್ನು ತರುವ ರೋಗವೆಂಬ ಮರುಳು ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಹಬ್ಬಿದ್ದಿತು. ಆಂಗ್ಲಕವಿ ಕೀಟ್ಸನ ಅಕಾಲಮರಣ ಅದಕ್ಕೆ ಇಂಬು ಕೊಟ್ಟಿತು. ಅವನು ವೈದ್ಯವೃತ್ತಿಗೆ ಶಿಕ್ಷಣ ಪಡೆದವನು, ತಮ್ಮನು ಇದೇ ರೋಗದಲ್ಲಿ ನರಳುವಾಗ ಶುಶ್ರೂಷೆ ಮಾಡಿದವನು. ೧೮೨೧ರಲ್ಲಿ ರೋಮ್ ನಗರದಲ್ಲಿ ಇಪ್ಪತ್ತೈದನೆಯ ವಯಸ್ಸಿಗೆ ತೀರಿಹೋದನು. ತನ್ನ ಸಮಾಧಿಯ ಕಲ್ಲಿನ ಮೇಲೆ ತನ್ನ ಹೆಸರು ಇರಬಾರದೆಂದು ಅವನೂ ಕೇಳಿಕೊಂಡಿದ್ದನೆಂಬುದು ಮುದ್ದಣನನ್ನು ಬಲ್ಲವರಿಗೆ ವಿಶೇಷವಾಗಿ ತೋರೀತು. ರಷ್ಯಾದ ಚೆಕಾಫನು ತಾನೇ ವೈದ್ಯನಾಗಿದ್ದೂ ತನ್ನ ಕ್ಷಯವನ್ನು ವರ್ಷಗಟ್ಟಲೆ ಒಪ್ಪಿಕೊಳ್ಳದೆ, ೧೮೯೭ರಲ್ಲಿ ರಕ್ತಸ್ರಾವ ವಿಪರೀತವಾದ ಮೇಲೆ ಒಪ್ಪಿ, ೧೯೦೪ರಲ್ಲಿ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಗತಿಸಿದನು. ಇವರಾರಿಗೂ ರೋಗ ಪ್ರತಿಭೆಯನ್ನು ಕೊಡಲಿಲ್ಲ, ಕಸಿದುಕೊಂಡಿತು. ಮುದ್ದಣನ ವಿಷಯದಲ್ಲಿಯೂ ನಷ್ಟವೇ ಸತ್ಯ. ಮೂವತ್ತೊಂದಕ್ಕೆ ಇಷ್ಟು ಬರೆದವನು ಅರವತ್ತರವರೆಗೆ ಬಾಳಿದ್ದರೆ ಅವನ ಎದುರಿಗೆ ೧೯೩೦ನೆಯ ಇಸವಿಯವರೆಗಿನ ಕನ್ನಡ ಸಾಹಿತ್ಯದ ಸಮಸ್ತ ನವೋದಯವೂ ಇರುತ್ತಿತ್ತು.

ಅಂತೆಯೇ, ಮನಸ್ಸು ಹರ್ಷವಾಗಿದ್ದರೆ ರೋಗ ತಾನಾಗಿ ಓಡುತ್ತದೆಂದು ಉಪದೇಶಿಸುವವರಿಗೆ ಈ ಚರಿತ್ರೆ ಒದಗುವುದಿಲ್ಲ. ಕನ್ನಡದ ಅತ್ಯಂತ ಪ್ರಸನ್ನವಾದ ಗದ್ಯವನ್ನು ಬರೆದವನನ್ನು ಕ್ಷಯವು ಬಿಡಲಿಲ್ಲ. ಗುಣವಾಗದ ರೋಗಿಯನ್ನು ಕಂಡು, ನಿನಗೆ ಧೈರ್ಯ ಸಾಲದು ಎಂದು ಮೂದಲಿಸುವುದು ಗಾಯದ ಮೇಲೆ ಉಪ್ಪನ್ನು ಸವರಿದಂತೆ; ದುರ್ದೈವದಿಂದ ಅದು ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುತ್ತಿದೆ. ಪ್ರಸನ್ನತೆಯಿಂದ ಆಯುಷ್ಯ ಬೆಳೆಯಲಿ ಬೆಳೆಯದಿರಲಿ, ಇರುವ ಆಯುಷ್ಯವು ಬಾಳಲು ಯೋಗ್ಯವಾಗುತ್ತದೆ. ೧೯೯೯ರಲ್ಲಿ ಆಲ್ಬ್ರೆಕ್ಟ್, ಡೆವ್ಲೀಗರ್ ಎಂಬ ಇಬ್ಬರು ವಿದ್ವಾಂಸರು ಗಂಭೀರವಾದ ಅಂಗವೈಕಲ್ಯವುಳ್ಳವರನ್ನು ಮಾತನಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಬಾಳು ಚೆನ್ನಾಗಿದೆಯೆಂದೇ ತಿಳಿಸಿದರು. ಹೊರಗಿನವರ ಕಣ್ಣಿಗೆ ಇದು ವಿರೋಧಾಭಾಸವಾಗಿ ಕಂಡಿತು. ಬಾಳಿಗೆ ಒಂದು ಗೊತ್ತುಗುರಿ, ಸುತ್ತಲಿನವರೊಡನೆ ಹೊಂದಿಕೆಯಾದ ಸಂಬಂಧ ಇದ್ದವರಲ್ಲಿ ಈ ತೃಪ್ತಿ ಹೆಚ್ಚಾಗಿ ಕಂಡುಬಂದಿತು. ದೇಹದ ಮೇಲೆ ಹಿಡಿತ ತಪ್ಪಿ ನೋವು ದಣಿವುಗಳಲ್ಲೇ ಮುಳುಗಿದವರಲ್ಲಿ ಕಾಣಲಿಲ್ಲ.

ರೋಗಿಯನ್ನು ಮನೆಯಿಂದ ಅಗಲಿಸಿ ದೂರದ ಆರೋಗ್ಯಧಾಮದಲ್ಲಿ ಇರಿಸುವುದೇ ಕ್ಷಯಕ್ಕೆ ಉತ್ತಮ ಚಿಕಿತ್ಸೆಯೆಂದು ಲೋಕವೆಲ್ಲ ನಂಬಿದ್ದ ಕಾಲವೊಂದಿತ್ತು. ಆ ನಂಬಿಕೆಯನ್ನು ಮುರಿದದ್ದು ಮುದ್ದಣನು ಕವಾಯತು ಕಲಿಯಲು ಹೋಗಿದ್ದ ಮದರಾಸು ನಗರವೇ. ಅಲ್ಲಿ ೧೯೫೬ರಲ್ಲಿ ಸ್ಥಾಪಿತವಾದ ಕ್ಷಯರೋಗ ಔಷಧಚಿಕಿತ್ಸಾ ಕೇಂದ್ರವು ಬಡ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಯೂ ಕೆಲವರನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಇರಿಸಿ ಒಂದೇ ಬಗೆಯ ಔಷಧಗಳನ್ನು ಕೊಟ್ಟು ನೋಡಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣಹೊಂದಿದರೆಂದು, ಮನೆಮಂದಿಗೆ ಅದರಿಂದ ಹೆಚ್ಚಿನ ಸೋಂಕು ತಗುಲಲಿಲ್ಲವೆಂದು ೧೯೫೯ರಲ್ಲಿ ಪ್ರಕಟವಾದಾಗ ಜಗತ್ತಿನ ಚಿಕಿತ್ಸಾಕ್ರಮವೇ ಬದಲಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಕೆಲಸವನ್ನಾರಂಭಿಸಿತು. ಈಗ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧವು ಸರ್ಕಾರದಿಂದ ಉಚಿತವಾಗಿ ದೊರೆಯುತ್ತದೆ. ರೋಗಿಯ ಆಹಾರಕ್ಕಾಗಿ ೨೦೧೮ರಲ್ಲಿ ತಿಂಗಳಿಗೆ ೫೦೦ ರೂಪಾಯಿಯಂತೆ ಆರಂಭವಾದ ನೆರವು ೨೦೨೪ರ ನವೆಂಬರಿನಿಂದ ೧೦೦೦ ರೂಪಾಯಿಗೆ ಏರಿತು. ಆ ಯೋಜನೆಗೆ ನಿಕ್ಷಯ ಎಂದು ಹೆಸರಿಟ್ಟವರಿಗೆ ಶಬ್ದಾರ್ಥದ ರುಚಿ ಇದ್ದಿರಬೇಕು.

ಔಷಧವಿಲ್ಲದ ಕಾಲದಲ್ಲಿ, ಉಡುಪಿಯಲ್ಲಿ, ೧೯೦೧ನೆಯ ಇಸವಿ ಫೆಬ್ರವರಿ ೧೫ರಂದು ಮುದ್ದಣ ಕವಿ ಕೊನೆಯುಸಿರೆಳೆದನು. ಹುಟ್ಟುಹಬ್ಬ ಕಳೆದು ಮೂರು ವಾರವಾಗಿದ್ದಿತು. ಎಂಟು ವರ್ಷದ ದಾಂಪತ್ಯವನ್ನು ಕಂಡ ಪತ್ನಿಯೂ ಚಿಕ್ಕ ಮಗನೂ ಉಳಿದರು. ನಂದಳಿಕೆಯ ಲಕ್ಷ್ಮೀನಾರಾಯಣಪ್ಪನೇ ರಾಮಾಶ್ವಮೇಧದ ಮುದ್ದಣನೆಂಬುದು ಪಂಡಿತವಲಯಕ್ಕೆ ತಿಳಿದದ್ದು ಅವನು ತೀರಿಕೊಂಡ ಅನಂತರ. ಅಲ್ಲಿಯ ತನಕ ಕಾವ್ಯವನ್ನು ಓದಿದವರ ಪಾಲಿಗೆ ಮುದ್ದಣನು ಯಾವುದೋ ಹಿಂದಿನ ಕಾಲದ ಆಸ್ಥಾನಕವಿ; ಉಡುಪಿಯ ಹುಡುಗರ ಪಾಲಿಗೆ ಲಕ್ಷ್ಮೀನಾರಾಯಣಪ್ಪನು ತಮ್ಮ ಡ್ರಿಲ್ ಮೇಷ್ಟ್ರು.